ಹಳೆಯ ಆಟಕ್ಕೆ ಹಳೆಯ ಎಮ್ಯುಲೇಟರೇ ಬೇಕೆ?

ಕಳೆದ ಎರಡು ತಿಂಗಳಲ್ಲಿ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ, ಹಳೆಯ ವಿಡಿಯೋ ಗೇಮ್‌ಗಳನ್ನು ಇಂದಿನ ಕಂಪ್ಯೂಟರಿನಲ್ಲೂ ಫೋನಿನಲ್ಲೂ ಆಡಿಸುವ ಎಮ್ಯುಲೇಟರ್ ತಂತ್ರಾಂಶಗಳ ಕುರಿತ ಪ್ರಶ್ನೆಗಳೇ ಹೆಚ್ಚು. ತೊಂದರೆ ಒಬ್ಬೊಬ್ಬರದು ಒಂದೊಂದು ಬಗೆ. ಆದರೆ ಹಳೆಯ ಆವೃತ್ತಿಯನ್ನೇ ಇಟ್ಟುಕೊಳ್ಳಬೇಕೋ ಹೊಸದಕ್ಕೆ ಹೋಗಬೇಕೋ ಎಂಬಲ್ಲಿಗೇ ಎಲ್ಲ ಪತ್ರಗಳೂ ಬಂದು ನಿಲ್ಲುತ್ತವೆ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. ಒಂದು ಯಂತ್ರದ ಚಿಪ್‌ಗಳ ವರ್ತನೆಯನ್ನು ಇನ್ನೊಂದು ಯಂತ್ರದಲ್ಲಿ ಅನುಕರಿಸುವ ತಂತ್ರಾಂಶವೇ ಎಮ್ಯುಲೇಟರ್. ಆಟದ ಚಿಪ್ಪಿನಲ್ಲಿ ಅಥವಾ ಕ್ಯಾಸೆಟ್ಟಿನಲ್ಲಿ ಇದ್ದ ಮಾಹಿತಿಯ ನಕಲೇ ರೋಮ್. ಇಷ್ಟು ತಿಳಿದಿದ್ದರೆ ಮುಂದಿನದನ್ನು ಓದಲು ಅಡ್ಡಿಯಿಲ್ಲ.

ಪ್ರಶ್ನೆ: ಚಿಕ್ಕಂದಿನಲ್ಲಿ ಬಸ್ ನಿಲ್ದಾಣದ ಎದುರಿನ ಪಾರ್ಲರಿನಲ್ಲಿ ಒಂದು ರೂಪಾಯಿ ನಾಣ್ಯ ಹಾಕಿ ‘ಮುಸ್ತಫಾ’ ಆಡುತ್ತಿದ್ದೆವು. ಬಹಳ ಹಿಂದೆ ಸ್ನೇಹಿತನೊಬ್ಬ ಕೊಟ್ಟ ಸಿ.ಡಿ.ಯಲ್ಲಿ ಮೇಮ್ ಎಂಬ ಎಮ್ಯುಲೇಟರೂ ಈ ಆಟವೂ ಇದ್ದವು. ಹಳೆಯ ಕಂಪ್ಯೂಟರಿನಲ್ಲಿ ಚೆನ್ನಾಗಿ ನಡೆಯುತ್ತಿತ್ತು. ಈಗ ಹೊಸ ಕಂಪ್ಯೂಟರಿಗೆ ಮೇಮ್‌ನ ಇತ್ತೀಚಿನ ಆವೃತ್ತಿ ಹಾಕಿಕೊಂಡು ಅದೇ ಜಿಪ್ ಕಡತ ಕೊಟ್ಟರೆ, ಕಡತಗಳು ಸಿಗುತ್ತಿಲ್ಲವೆಂದು ಹೇಳಿ ಆಟವನ್ನು ತೆರೆಯುವುದೇ ಇಲ್ಲ. ಹೊಸದು ಹಳೆಯದಕ್ಕಿಂತ ಕೆಟ್ಟುಹೋಯಿತೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕೆಟ್ಟಿಲ್ಲ, ನಿಮ್ಮ ಜಿಪ್ ಕಡತಕ್ಕೂ ಹೊಸ ಮೇಮ್‌ಗೂ ಹೊಂದಿಕೆಯಾಗುತ್ತಿಲ್ಲ ಅಷ್ಟೇ. ನೀವು ಹೇಳುತ್ತಿರುವುದು ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ಹೊರತಂದ ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’ ಎಂಬ ಆಟ. ಅದರ ನಾಲ್ಕು ಪಾತ್ರಗಳಲ್ಲಿ ಒಬ್ಬನ ಹೆಸರು ಮುಸ್ತಫಾ. ನಮ್ಮ ಕಡೆಯ ಪಾರ್ಲರುಗಳಲ್ಲಿ ಇಡೀ ಆಟಕ್ಕೇ ಆ ಹೆಸರು ನಿಂತುಬಿಟ್ಟಿತು. ಮೇಮ್ ಮಾತ್ರ ಅದನ್ನು ‘ಡೈನೋ’ ಎಂಬ ಕಿರುಹೆಸರಿನಿಂದ ಗುರುತಿಸುತ್ತದೆ.

ಮೇಮ್‌ನ ಮೊದಲ ಆವೃತ್ತಿಯನ್ನು ಇಟಲಿಯ ನಿಕೋಲಾ ಸಾಲ್ಮೋರಿಯಾ ಅವರು 1997ರ ಫೆಬ್ರುವರಿ 5ರಂದು ಬಿಡುಗಡೆ ಮಾಡಿದರು. ಆಟ ಆಡಿಸುವುದು ಅದರ ಒಂದು ಪ್ರಯೋಜನ ಮಾತ್ರ. ಪಾರ್ಲರಿನ ಯಂತ್ರಗಳು ಒಳಗಿನಿಂದ ಹೇಗೆ ಕೆಲಸ ಮಾಡುತ್ತಿದ್ದವೆಂಬುದನ್ನು, ಆ ಯಂತ್ರಗಳು ಗುಜರಿ ಸೇರುವ ಮುನ್ನ ದಾಖಲಿಸಿಡುವುದು ಅದರ ಮೂಲ ಗುರಿ. ಹಾಗಾಗಿ ಮೇಮ್‌ನ ಪ್ರತಿಯೊಂದು ಆವೃತ್ತಿಯೂ ತನ್ನೊಳಗೆ ಒಂದು ದೊಡ್ಡ ಪಟ್ಟಿಯನ್ನು ಇಟ್ಟುಕೊಂಡಿರುತ್ತದೆ: ಯಾವ ಆಟಕ್ಕೆ ಯಾವ ಯಾವ ಚಿಪ್ಪಿನ ನಕಲು ಬೇಕು, ಒಂದೊಂದು ಕಡತದ ಗಾತ್ರವೆಷ್ಟು, ಅದರ ತಾಳೆಸಂಖ್ಯೆ (ಕಡತ ಸರಿಯಾದದ್ದೇ ಎಂದು ತಾಳೆ ನೋಡುವ ಸಂಖ್ಯೆ) ಯಾವುದು ಎಂಬುದೆಲ್ಲ ಅಲ್ಲಿರುತ್ತದೆ. ಯಾರಾದರೂ ಒಂದು ಚಿಪ್ಪನ್ನು ಮೊದಲಿಗಿಂತ ಸರಿಯಾಗಿ ಓದಿ ತೆಗೆದರೆ, ಅಥವಾ ಅಲ್ಲಿಯವರೆಗೆ ಊಹೆಯಿಂದ ನಡೆಸುತ್ತಿದ್ದ ಒಂದು ಭಾಗದ ನಿಜವಾದ ಮಾಹಿತಿ ಸಿಕ್ಕರೆ, ಮುಂದಿನ ಆವೃತ್ತಿಯಲ್ಲಿ ಆ ಪಟ್ಟಿ ಬದಲಾಗುತ್ತದೆ. ಹೆಚ್ಚುಕಡಿಮೆ ತಿಂಗಳಿಗೊಂದು ಆವೃತ್ತಿ ಬರುವ ತಂತ್ರಾಂಶದಲ್ಲಿ ನಿಮ್ಮ ಹಳೆಯ ಜಿಪ್ ಕಡತವು ಪಟ್ಟಿಯಿಂದ ದೂರ ಸರಿಯಲು ಹೆಚ್ಚು ಕಾಲ ಬೇಕಾಗುವುದಿಲ್ಲ.

ನಿಮ್ಮ ಮುಸ್ತಫಾನ ಕಥೆಯನ್ನೇ ನೋಡಿ. ಆ ಯಂತ್ರದ ಧ್ವನಿಯನ್ನು ಹೊರಡಿಸುತ್ತಿದ್ದುದು ಕ್ಯೂಸೌಂಡ್ ಎಂಬ ಚಿಪ್. ಅದರೊಳಗೆ ಅಡಗಿದ್ದ ಪ್ರೋಗ್ರಾಂ ಏನೆಂದು ಬಹುಕಾಲ ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ, ಹಳೆಯ ಮೇಮ್ ಅದರ ಫಲಿತಾಂಶವನ್ನು ಹೊರಗಿನಿಂದ ನೋಡಿ ಅಂದಾಜಿನಲ್ಲಿ ಅನುಕರಿಸುತ್ತಿತ್ತು. ಅದಕ್ಕೆ ಬೇರೆ ಯಾವ ಕಡತವೂ ಬೇಕಿರಲಿಲ್ಲ. ಮುಂದೆ ಆ ಪ್ರೋಗ್ರಾಂ ಚಿಪ್ಪಿನಿಂದ ಹೊರಬಂದಿತು. ಈಗಿನ ಮೇಮ್ ‘ಡಿಎಲ್-1425’ ಎಂಬ ಒಂದು ಕಡತವನ್ನು ಹೆಚ್ಚುವರಿಯಾಗಿ ಕೇಳುತ್ತದೆ, ಅದೂ ಡೈನೋ ಜಿಪ್ಪಿನೊಳಗಲ್ಲ, ಕ್ಯೂಸೌಂಡ್ ಹೆಸರಿನ ಇನ್ನೊಂದು ಜಿಪ್ಪಿನಲ್ಲಿ. ನಿಮ್ಮ ಪರದೆಯ ಮೇಲೆ ಬರುವ ‘ನಾಟ್ ಫೌಂಡ್’ ಸಾಲುಗಳನ್ನು ನಿಧಾನವಾಗಿ ಓದಿದರೆ ಈ ಹೆಸರು ಅಲ್ಲಿ ಕಾಣುವ ಸಂಭವ ಹೆಚ್ಚು. ಅಂದರೆ ಆಟದ ಕಡತಗಳು ಸರಿಯಾಗಿಯೇ ಇದ್ದು ಧ್ವನಿಯ ಒಂದು ತುಣುಕಿಗಾಗಿ ಬಾಗಿಲು ಮುಚ್ಚಿಕೊಂಡಿರಬಹುದು.

ಜಿಪ್ಪುಗಳ ನಂಟಸ್ತನದ ತೊಡಕೂ ಒಂದಿದೆ. ಪ್ಯಾಕ್‌ಮ್ಯಾನ್ ಆಟವನ್ನು ಮೇಮ್ ಸ್ವತಂತ್ರ ಆಟವೆಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 1980ರಲ್ಲಿ ಜಪಾನಿನಲ್ಲಿ ಬಂದ ‘ಪಕ್‌ಮ್ಯಾನ್’ ಅದಕ್ಕೆ ತಾಯಿ, ಇದು ಮರಿ. ಕಡತಗಳನ್ನು ಹಂಚಿಕೊಂಡಿರುವ ಸಂಗ್ರಹವಾಗಿದ್ದರೆ ಮರಿಯ ಜಿಪ್ಪಿನಲ್ಲಿ ವ್ಯತ್ಯಾಸವಿರುವ ಕಡತಗಳು ಮಾತ್ರ ಇರುತ್ತವೆ, ಉಳಿದದ್ದು ತಾಯಿಯ ಜಿಪ್ಪಿನಲ್ಲಿರುತ್ತದೆ. ಒಂದನ್ನು ಮಾತ್ರ ನಕಲು ಮಾಡಿಕೊಂಡು ಬಂದವರು ಹೊಸ ಆವೃತ್ತಿಯನ್ನು ಬೈಯುತ್ತ ಕೂರುವುದನ್ನು ನಾನು ಅನೇಕ ಸಲ ಕಂಡಿದ್ದೇನೆ.

ಹಾಗಾದರೆ ಯಾವುದನ್ನು ಇಟ್ಟುಕೊಳ್ಳಬೇಕು? ಮೇಮ್‌ನ ವಿಷಯದಲ್ಲಿ ಆವೃತ್ತಿ ಮತ್ತು ರೋಮ್ ಸಂಗ್ರಹ ಎರಡನ್ನೂ ಒಂದು ಜೋಡಿಯೆಂದು ಭಾವಿಸಬೇಕು. ಹೊಸ ಕಂಪ್ಯೂಟರಿನಲ್ಲಿ ಹೊಸ ಮೇಮ್ ಮತ್ತು ಅದೇ ಸಂಖ್ಯೆಯ ಸಂಗ್ರಹ ಇರಲಿ. ಧ್ವನಿಯೂ ಬಣ್ಣವೂ ವೇಗವೂ ಮೂಲ ಯಂತ್ರಕ್ಕೆ ಹತ್ತಿರವಾಗಿರುತ್ತವೆ. ರಾಸ್‌ಬೆರಿ ಪೈ ಮೊದಲಾದ ಸಣ್ಣ ಯಂತ್ರಗಳಲ್ಲಿ ಅಥವಾ ಹಳೆಯ ಫೋನಿನಲ್ಲಿ ಆಡುವುದಾದರೆ ಹಳೆಯದೇ ಮೇಲು, ಏಕೆಂದರೆ ನಿಖರತೆ ಹೆಚ್ಚಿದಂತೆಲ್ಲ ಮೇಮ್‌ನ ಭಾರವೂ ಹೆಚ್ಚಿದೆ. ಹಲವು ಎಮ್ಯುಲೇಟರುಗಳನ್ನು ಒಂದೆಡೆ ಸೇರಿಸಿಕೊಡುವ ರೆಟ್ರೋಆರ್ಚ್ ತಂತ್ರಾಂಶದಲ್ಲಿ ‘ಮೇಮ್ 2003’ ಎಂದು ಕಾಣುವುದು 0.78ನೆಯ ಆವೃತ್ತಿಯನ್ನು ಆಧರಿಸಿದ್ದು, ‘ಮೇಮ್ 2010’ ಎಂಬುದು 0.139ನೆಯದನ್ನು. ಇವು ಅಪ್‌ಡೇಟ್ ಆಗದೆ ಉಳಿದುಹೋದವೆಂದು ತಿಳಿಯಬಾರದು. ಸಣ್ಣ ಯಂತ್ರಗಳಿಗಾಗಿ ಬೇಕೆಂದೇ ಆ ಸಂಖ್ಯೆಗಳಲ್ಲಿ ಹಿಡಿದು ನಿಲ್ಲಿಸಿದವು. ಅವಕ್ಕೂ ಅದೇ ಸಂಖ್ಯೆಯ ಸಂಗ್ರಹವೇ ಬೇಕು.

ಜಿಪ್ಪುಗಳನ್ನು ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಕಲಸಬೇಡಿ. ಮೇಮ್‌ನಲ್ಲಿ ‘ವೆರಿಫೈರೋಮ್ಸ್’ ಎಂಬ ಆದೇಶವಿದೆ. ಕಮಾಂಡ್ ಕಿಟಕಿಯಲ್ಲಿ ಆಟದ ಕಿರುಹೆಸರಿನ ಜೊತೆಗೆ ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟರೆ ಯಾವ ಕಡತ ಸರಿಯಿದೆ, ಯಾವುದು ಇಲ್ಲ, ಯಾವುದರ ತಾಳೆಸಂಖ್ಯೆ ಹೊಂದುತ್ತಿಲ್ಲ ಎಂಬುದನ್ನು ಅದೇ ಹೇಳುತ್ತದೆ. ಫೋಲ್ಡರಿನ ಹೆಸರಿನಲ್ಲಿ ಆವೃತ್ತಿಯ ಸಂಖ್ಯೆಯನ್ನು ಬರೆದಿಡಿ. ನನ್ನ ಮೇಜಿನ ಖಾನೆಯಲ್ಲೂ ನಿಮ್ಮದರಂಥ ಒಂದು ಸಿ.ಡಿ. ಇದೆ. ಮೇಲೆ ಮಾರ್ಕರ್ ಪೆನ್ನಿನಲ್ಲಿ ‘ಗೇಮ್ಸ್’ ಎಂದಷ್ಟೇ ಬರೆದಿದ್ದೇನೆ. ಯಾವ ಮೇಮ್‌ಗೆ ಸೇರಿದ್ದೆಂದು ಬರೆಯುವ ಬುದ್ಧಿ ಆಗ ಇರಲಿಲ್ಲ, ಅದನ್ನು ಪತ್ತೆಹಚ್ಚಲು ಒಂದು ಭಾನುವಾರ ಪೂರ್ತಿ ಹೋಯಿತು.

ಇನ್ನೊಂದು ಮಾತು. ಎಮ್ಯುಲೇಟರ್ ಕಾನೂನುಬದ್ಧವಾದರೂ ಆಟದ ಹಕ್ಕು ಅದರ ಒಡೆಯರದೇ ಆಗಿರುತ್ತದೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು, ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನು ನ್ಯಾಯವಾಗಿ ಹೊಂದಿರುವವರು ನಷ್ಟದಿಂದ ರಕ್ಷಣೆಗಾಗಿ ನಕಲು ಮಾಡಿಟ್ಟುಕೊಳ್ಳಲು ಅವಕಾಶ ಕೊಡುತ್ತದೆ. ಸ್ನೇಹಿತ ಕೊಟ್ಟ ಸಿ.ಡಿ.ಗೆ ಆ ರಕ್ಷಣೆ ಇದೆಯೆಂದು ನಾನು ಹೇಳಲಾರೆ. ಕ್ಯಾಪ್‌ಕಾಮ್ ತನ್ನ ಹಲವು ಹಳೆಯ ಆಟಗಳನ್ನು ಈಗ ಸಂಕಲನಗಳಾಗಿ ಮಾರುತ್ತಿದೆ, ಸಿಕ್ಕುವುದನ್ನು ಕೊಂಡುಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ನನ್ನ ಬಳಿ ಇರುವುದು ವಿಂಡೋಸ್ 7 ಇರುವ ಹಳೆಯ ಲ್ಯಾಪ್‌ಟಾಪ್. ಪ್ಲೇಸ್ಟೇಷನ್ 2 ಆಟಗಳಿಗಾಗಿ ಪಿಸಿಎಸ್‌ಎಕ್ಸ್2 ಹಾಕಿಕೊಳ್ಳಬೇಕೆಂದಿದ್ದೇನೆ. ಕೆಲವರು 1.6 ಎನ್ನುತ್ತಾರೆ, ಕೆಲವರು 2.0 ಇಲ್ಲದೆ ಪ್ರಯೋಜನವಿಲ್ಲ ಎನ್ನುತ್ತಾರೆ.
— ಪದವಿ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ನಿಮ್ಮ ಯಂತ್ರವೇ ನಿಮ್ಮ ಪರವಾಗಿ ತೀರ್ಮಾನಿಸಿಬಿಟ್ಟಿದೆ. 2024ರಲ್ಲಿ ಬಂದ 2.0 ಆವೃತ್ತಿಗೆ 64 ಬಿಟ್‌ನ ವಿಂಡೋಸ್ 10 ಅಥವಾ ಅದಕ್ಕಿಂತ ಹೊಸದು ಬೇಕು, ಪ್ರೊಸೆಸರಿನಲ್ಲಿ ಎಸ್‌ಎಸ್‌ಇ 4.1 ಎಂಬ ಆದೇಶಗಳ ಗುಂಪೂ ಇರಬೇಕು. 2020ರ ಮೇ ತಿಂಗಳಲ್ಲಿ ಬಂದ 1.6.0 ಆವೃತ್ತಿ ವಿಂಡೋಸ್ 7ರಲ್ಲಿ ನಡೆಯುತ್ತದೆ. ಆದ್ದರಿಂದ ಈಗಿರುವ ಸ್ಥಿತಿಯಲ್ಲಿ 1.6.0 ಬಿಟ್ಟು ನಿಮಗೆ ಬೇರೆ ದಾರಿಯಿಲ್ಲ.

ಆದರೆ ಆ ದಾರಿ ಸುಗಮವೆಂದು ಹೇಳಲಾರೆ. 1.6ರವರೆಗಿನ ಪಿಸಿಎಸ್‌ಎಕ್ಸ್2 ಬಿಡಿಬಿಡಿ ಪ್ಲಗಿನ್‌ಗಳ ಜೋಡಣೆಯಾಗಿತ್ತು: ಚಿತ್ರಕ್ಕೆ ಒಂದು, ಧ್ವನಿಗೆ ಒಂದು, ಕೈಯಲ್ಲಿ ಹಿಡಿಯುವ ಕಂಟ್ರೋಲರಿಗೆ ಇನ್ನೊಂದು. ಒಂದೊಂದರಲ್ಲೂ ಹತ್ತಾರು ಆಯ್ಕೆಗಳು, ಒಂದೊಂದು ಆಟಕ್ಕೂ ಬೇರೆ ಬೇರೆ ತಿದ್ದುಪಡಿಗಳು. ಆಡುವುದಕ್ಕಿಂತ ಹೊಂದಿಸುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತಿತ್ತು. 2.0ರಲ್ಲಿ ಪ್ಲಗಿನ್‌ಗಳೆಲ್ಲ ತಂತ್ರಾಂಶದೊಳಗೇ ಸೇರಿಹೋಗಿವೆ, ಅನೇಕ ಆಟಗಳಿಗೆ ಬೇಕಾದ ತಿದ್ದುಪಡಿಗಳು ತಾವಾಗಿಯೇ ಅನ್ವಯವಾಗುತ್ತವೆ. ಹಾಗಾಗಿ ಲ್ಯಾಪ್‌ಟಾಪಿನ ಪ್ರೊಸೆಸರ್ 64 ಬಿಟ್‌ನದಾಗಿದ್ದು ವಿಂಡೋಸ್ 10ನ್ನು ತಾಳಿಕೊಳ್ಳುವಂತಿದ್ದರೆ, ಎಮ್ಯುಲೇಟರಿನ ಹಳೆಯ ಆವೃತ್ತಿ ಹುಡುಕುವುದಕ್ಕಿಂತ ವಿಂಡೋಸ್ ಬದಲಾಯಿಸುವುದೇ ಉತ್ತಮ. ವಿಂಡೋಸ್ 7ಕ್ಕೆ 2020ರ ಜನವರಿಯಿಂದ ಸಾಮಾನ್ಯ ಬಳಕೆದಾರರಿಗೆ ಭದ್ರತಾ ಅಪ್‌ಡೇಟ್‌ಗಳೂ ನಿಂತಿವೆ.

ಮುಂದೆ ಯಾವತ್ತಾದರೂ ಹೊಸ ಯಂತ್ರ ಕೊಂಡಾಗ, 1.6ರಲ್ಲಿ ಆಡಿದ್ದು ವ್ಯರ್ಥವಾಗುವುದಿಲ್ಲ. ‘ಮೆಮ್‌ಕಾರ್ಡ್ಸ್’ ಫೋಲ್ಡರಿನಲ್ಲಿ ‘ಎಂಸಿಡಿ001’ ಎಂಬಂಥ ಹೆಸರಿನ 8 ಎಂಬಿ ಗಾತ್ರದ ಕಡತವಿರುತ್ತದೆ. ಅದು ಪ್ಲೇಸ್ಟೇಷನ್ 2ರ ಮೆಮೊರಿ ಕಾರ್ಡಿನ ಪ್ರತಿರೂಪ. ಅದನ್ನು ಹೊಸ ಆವೃತ್ತಿಯ ಅದೇ ಫೋಲ್ಡರಿಗೆ ನಕಲು ಮಾಡಿದರೆ ಆಟದ ಒಳಗಿನಿಂದ ಸೇವ್ ಮಾಡಿದ್ದೆಲ್ಲ ಸಿಗುತ್ತದೆ. ಸೇವ್ ಸ್ಟೇಟ್‌ಗಳು ಮಾತ್ರ ಸಿಗುವುದಿಲ್ಲ. ಅದರ ಕಾರಣವನ್ನು ಮುಂದಿನ ಪತ್ರದಲ್ಲಿ ನೋಡಿ.

ಪ್ರಶ್ನೆ: ಫೋನಿನಲ್ಲಿ ಪಿಎಸ್‌ಪಿ (ಸೋನಿ ಕಂಪನಿಯ, ಕೈಯಲ್ಲಿ ಹಿಡಿದು ಆಡುವ ಯಂತ್ರ) ಆಟಗಳ ಎಮ್ಯುಲೇಟರಾದ ಪಿಪಿಎಸ್‌ಎಸ್‌ಪಿಪಿ ತಾನಾಗಿಯೇ ಅಪ್‌ಡೇಟ್ ಆಯಿತು. ಅಂದಿನಿಂದ ನನ್ನ ಸೇವ್ ಸ್ಟೇಟ್ ತೆರೆದರೆ ಆಟ ಮುಚ್ಚಿಹೋಗುತ್ತಿದೆ. ಆಟದೊಳಗೆ ಸೇವ್ ಮಾಡುವ ಅಭ್ಯಾಸವನ್ನೇ ನಾನು ಇಟ್ಟುಕೊಂಡಿರಲಿಲ್ಲ. ಒಂದು ತಿಂಗಳ ಆಟ ಹೋದಂತೆಯೇ?
— ಓದುಗಿ, ಕಲಬುರಗಿ

ಉತ್ತರ: ಹೋಗಿದೆಯೆಂದು ಈಗಲೇ ತಿಳಿಯಬೇಡಿ. ಆದರೆ ಅವಸರದಲ್ಲಿ ಆ್ಯಪನ್ನು ಅನ್‌ಇನ್‌ಸ್ಟಾಲ್ ಮಾಡಿದರೆ ನಿಜವಾಗಿಯೂ ಹೋಗಬಹುದು, ಆದ್ದರಿಂದ ಮೊದಲು ಇದನ್ನು ಪೂರ್ತಿ ಓದಿ.

ಆಟದೊಳಗಿನ ಸೇವ್ ಎಂದರೆ ಆಟವೇ ಬರೆದುಕೊಂಡ ಚೀಟಿಯಿದ್ದಂತೆ: ಯಾವ ಹಂತ, ಎಷ್ಟು ಹಣ, ಯಾವ ಆಯುಧ. ಅದು ಮೂಲ ಪಿಎಸ್‌ಪಿ ಯಂತ್ರದಲ್ಲೂ ಓದಬಹುದಾದ ಕಡತ, ಎಮ್ಯುಲೇಟರಿನ ಆವೃತ್ತಿಗೂ ಅದಕ್ಕೂ ಸಂಬಂಧ ಕಡಿಮೆ. ಸೇವ್ ಸ್ಟೇಟ್ ಹಾಗಲ್ಲ; ಆ ಗಳಿಗೆಯಲ್ಲಿ ಇಡೀ ಯಂತ್ರದ ಸ್ಮೃತಿ ಹೇಗಿತ್ತೋ ಹಾಗೆಯೇ, ಎಮ್ಯುಲೇಟರ್ ತನ್ನ ಒಳಗೆ ಇಟ್ಟುಕೊಂಡಿದ್ದ ಲೆಕ್ಕಗಳ ಸಮೇತ, ಎತ್ತಿಟ್ಟ ಪಡಿಯಚ್ಚು ಅದು. ಎಮ್ಯುಲೇಟರಿನ ಒಳರಚನೆ ಬದಲಾದರೆ ಹಳೆಯ ಪಡಿಯಚ್ಚು ಹೊಸ ಚೌಕಟ್ಟಿನಲ್ಲಿ ಕೂರುತ್ತದೆಂಬ ಭರವಸೆಯಿಲ್ಲ. ಹಳೆಯ ಸ್ಟೇಟನ್ನು ಹೊಸದರಲ್ಲಿ ತೆರೆಯಲು ಪಿಪಿಎಸ್‌ಎಸ್‌ಪಿಪಿ ಸಾಧ್ಯವಾದಷ್ಟು ಪ್ರಯತ್ನಿಸುತ್ತದೆ, ಹಲವು ಸಲ ಗೆಲ್ಲುತ್ತದೆ ಕೂಡ. ನಿಮ್ಮ ವಿಷಯದಲ್ಲಿ ಸೋತಿದೆ.

ಮೊದಲು ಫೋನಿನ ಫೈಲ್ ಮ್ಯಾನೇಜರಿನಲ್ಲಿ ‘ಪಿಎಸ್‌ಪಿ’ ಎಂಬ ಫೋಲ್ಡರನ್ನು ಹುಡುಕಿ, ಪೂರ್ತಿಯಾಗಿ ಕಂಪ್ಯೂಟರಿಗೋ ಮೆಮೊರಿ ಕಾರ್ಡಿಗೋ ನಕಲು ಮಾಡಿಕೊಳ್ಳಿ. ಅದರೊಳಗೆ ‘ಸೇವ್‌ಡೇಟಾ’ ಎಂಬುದರಲ್ಲಿ ಆಟದ ಸೇವ್‌ಗಳೂ ‘ಪಿಪಿಎಸ್‌ಎಸ್‌ಪಿಪಿ_ಸ್ಟೇಟ್’ ಎಂಬುದರಲ್ಲಿ ಸೇವ್ ಸ್ಟೇಟ್‌ಗಳೂ ಇರುತ್ತವೆ. ಇತ್ತೀಚಿನ ಆಂಡ್ರಾಯ್ಡ್‌ನಲ್ಲಿ ಆ್ಯಪ್‌ಗಳು ಕಡತ ಇಡುವ ಪದ್ಧತಿ ಬಿಗಿಯಾಗಿರುವುದರಿಂದ, ಈ ಫೋಲ್ಡರ್ ಆ್ಯಪಿನ ಖಾಸಗಿ ಜಾಗದಲ್ಲಿದ್ದರೆ ಅನ್‌ಇನ್‌ಸ್ಟಾಲ್ ಮಾಡಿದೊಡನೆ ಅದೂ ಅಳಿಸಿಹೋಗುತ್ತದೆ. ನಕಲು ಕೈಯಲ್ಲಿದೆಯೆಂದು ಖಚಿತವಾದ ಮೇಲೆಯೇ ಈಗಿನದನ್ನು ತೆಗೆದು, ಪಿಪಿಎಸ್‌ಎಸ್‌ಪಿಪಿಯ ಅಧಿಕೃತ ತಾಣದಲ್ಲಿ ಸಿಗುವ ಹಿಂದಿನ ಆವೃತ್ತಿಯನ್ನು ಹಾಕಿ, ಸ್ಟೇಟ್ ತೆರೆಯಿರಿ. ತೆರೆದರೆ ಆಟದೊಳಗಿನ ಸೇವ್ ಮಾಡುವ ಜಾಗದವರೆಗೆ ನಡೆದು ಅಲ್ಲಿ ಸೇವ್ ಮಾಡಿ. ಆಮೇಲೆ ಯಾವ ಆವೃತ್ತಿಗೆ ಹೋದರೂ ಚಿಂತೆಯಿಲ್ಲ. ಹೀಗೆ, ಹಳೆಯ ಆವೃತ್ತಿಯನ್ನು ಅರ್ಧ ಗಂಟೆಯ ಮಟ್ಟಿಗೆ ಕರೆತರುವುದಕ್ಕೆ ಒಂದು ಒಳ್ಳೆಯ ಕಾರಣ ನಿಮಗಿದೆ.

ಆಟ ನಡುವಿನಲ್ಲಿರುವಾಗ ಅಪ್‌ಡೇಟ್ ಮಾಡುವುದಿಲ್ಲವೆಂದು ನಾನಂತೂ ನಿಯಮ ಮಾಡಿಕೊಂಡಿದ್ದೇನೆ. ಪ್ಲೇ ಸ್ಟೋರಿನಲ್ಲಿ ಆ ಒಂದು ಆ್ಯಪಿಗೆ ಮಾತ್ರ ಸ್ವಯಂ ಅಪ್‌ಡೇಟ್ ನಿಲ್ಲಿಸಲು ಬರುತ್ತದೆ.

ಪ್ರಶ್ನೆ: ಡೌನ್‌ಲೋಡ್ ಪುಟದಲ್ಲಿ ‘ಸ್ಟೇಬಲ್’ (ಪರೀಕ್ಷಿಸಿ ಬಿಟ್ಟದ್ದು) ಎಂದೂ ‘ಡೆವಲಪ್‌ಮೆಂಟ್’ (ಇನ್ನೂ ಕೆಲಸ ನಡೆಯುತ್ತಿರುವುದು) ಎಂದೂ ಎರಡಿದ್ದರೆ ಸ್ಟೇಬಲ್ ಆರಿಸುವುದೇ ಜಾಣತನವಲ್ಲವೇ?
— ಓದುಗರೊಬ್ಬರು, ಮೈಸೂರು

ಉತ್ತರ: ಬೇರೆ ತಂತ್ರಾಂಶಗಳಲ್ಲಿ ಹೌದು, ಎಮ್ಯುಲೇಟರುಗಳಲ್ಲಿ ಯಾವಾಗಲೂ ಅಲ್ಲ. ನಿಂಟೆಂಡೊ ಕಂಪನಿಯ ಗೇಮ್‌ಕ್ಯೂಬ್ ಮತ್ತು ವೀ ಯಂತ್ರಗಳ ಆಟಗಳನ್ನು ಆಡಿಸುವ ಡಾಲ್ಫಿನ್ ಇದಕ್ಕೆ ಒಳ್ಳೆಯ ಸಾಕ್ಷಿ. ಅದರ 5.0 ಎಂಬ ಸ್ಟೇಬಲ್ ಆವೃತ್ತಿ 2016ರ ಜೂನ್‌ನಲ್ಲಿ ಬಂದಿತು. ಅದರ ನಂತರದ ಸ್ಟೇಬಲ್ ಬಿಡುಗಡೆ ಬಂದದ್ದು 2024ರ ಜುಲೈನಲ್ಲಿ, 2407 ಎಂಬ ಸಂಖ್ಯೆಯೊಂದಿಗೆ. ಈ ಎಂಟು ವರ್ಷಗಳಲ್ಲಿ ಕೆಲಸವೇನೂ ನಿಂತಿರಲಿಲ್ಲ, ಸುಧಾರಣೆಗಳೆಲ್ಲ ಬೀಟಾ ಮತ್ತು ಡೆವಲಪ್‌ಮೆಂಟ್ ಆವೃತ್ತಿಗಳಿಗೆ ಸೇರುತ್ತಲೇ ಇದ್ದವು. ಹೊಸ ದೃಶ್ಯ ಬಂದಾಗಲೆಲ್ಲ ಆಟ ಒಂದು ಕ್ಷಣ ತಡವರಿಸಿ ನಿಲ್ಲುವ ಹಳೆಯ ಕಾಯಿಲೆಗೆ 2017ರಲ್ಲಿ ‘ಉಬರ್‌ಶೇಡರ್’ ಎಂಬ ಮದ್ದು ಸಿಕ್ಕಿತು. ಹೆಸರು ನೋಡಿ ಸ್ಟೇಬಲ್ ಆರಿಸಿಕೊಂಡವರು ಆ ತಡವರಿಕೆಯನ್ನು ವರ್ಷಗಟ್ಟಲೆ ಸಹಿಸಿಕೊಂಡರು.

ಹೆಸರಿನ ಬದಲು ದಿನಾಂಕ ನೋಡಿ. ಸ್ಟೇಬಲ್ ಬಂದು ಕೆಲವು ತಿಂಗಳಷ್ಟೇ ಆಗಿದ್ದರೆ ಅದನ್ನೇ ಹಾಕಿ. ವರ್ಷಗಳಾಗಿದ್ದರೆ ಇತ್ತೀಚಿನದಕ್ಕೆ ಹೋಗಿ. ಹೊಸದರಲ್ಲಿ ಮೊದಲು ನಡೆಯುತ್ತಿದ್ದ ಆಟ ಕೆಡುವುದೂ ಉಂಟು. ಆಗ ಹತ್ತು ವರ್ಷ ಹಿಂದಕ್ಕೆ ಹಾರುವ ಅಗತ್ಯವಿಲ್ಲ, ಒಂದೆರಡು ಹೆಜ್ಜೆ ಹಿಂದಿನ ಆವೃತ್ತಿಯನ್ನು ಪ್ರಯತ್ನಿಸಿ, ಯಾವ ಆವೃತ್ತಿಯಿಂದ ಕೆಟ್ಟಿತೆಂಬುದನ್ನು ಅಭಿವೃದ್ಧಿಪಡಿಸುವವರಿಗೆ ತಿಳಿಸಿ.

ಪ್ರಶ್ನೆ: ‘ಸೂಪರ್ ಮಾರಿಯೋ ವರ್ಲ್ಡ್’ ಆಟವನ್ನು ಅಭಿಮಾನಿಗಳು ತಿದ್ದಿ ಮಾಡಿದ ಹೊಸ ಆಟವೊಂದನ್ನು 2008ರ ಸುಮಾರಿಗೆ ಸೂಪರ್ ನಿಂಟೆಂಡೊ ಯಂತ್ರದ ಝಡ್‌ಸ್ನೆಸ್ ಎಂಬ ಎಮ್ಯುಲೇಟರಿನಲ್ಲಿ ಆಡಿ ಮುಗಿಸಿದ್ದೆ. ಈಗ ಮಗನಿಗೆ ತೋರಿಸೋಣವೆಂದು ಹೊಸ ಎಮ್ಯುಲೇಟರಿನಲ್ಲಿ ತೆರೆದರೆ ಹಂತ ಪ್ರಾರಂಭವಾಗುತ್ತಲೇ ಸಂಗೀತ ಕರಕರ ಎಂದು ಕೆಟ್ಟು, ಆಟ ನಿಂತುಹೋಗುತ್ತದೆ. ಝಡ್‌ಸ್ನೆಸ್‌ನಲ್ಲಿ ಇಂದಿಗೂ ಸರಿಯಾಗಿ ನಡೆಯುತ್ತದೆ. ಹಳೆಯದೇ ಉತ್ತಮ ಎಂದು ಒಪ್ಪುತ್ತೀರಾ?
— ಬ್ಯಾಂಕ್ ಉದ್ಯೋಗಿ, ಮಂಗಳೂರು

ಉತ್ತರ: ಈ ತಿಂಗಳ ಪತ್ರಗಳಲ್ಲಿ ನನಗೆ ಬಹಳ ಹಿಡಿಸಿದ ಪತ್ರ ಇದು, ಏಕೆಂದರೆ ಇಲ್ಲಿ ಆಟವನ್ನು ಕಾಪಾಡುತ್ತಿರುವುದು ಎಮ್ಯುಲೇಟರಿನ ತಪ್ಪು.

ಝಡ್‌ಸ್ನೆಸ್ 1997ರಲ್ಲಿ ಹುಟ್ಟಿತು. ಅದರ ಕೊನೆಯ ಆವೃತ್ತಿಯಾದ 1.51 ಬಂದದ್ದು 2007ರ ಜನವರಿಯಲ್ಲಿ. ಅದರ ಬಹುಭಾಗವನ್ನು ಅಂದಿನ ಇಂಟೆಲ್ ಮಾದರಿಯ ಪ್ರೊಸೆಸರುಗಳ ಅಸೆಂಬ್ಲಿ ಭಾಷೆಯಲ್ಲೇ (ಪ್ರೊಸೆಸರಿಗೆ ನೇರವಾಗಿ ಆದೇಶ ಕೊಡುವ ಭಾಷೆ) ಬರೆಯಲಾಗಿತ್ತು, ಹೀಗಾಗಿ ಸುಮಾರು 300 ಮೆಗಾಹರ್ಟ್ಸ್‌ನ ಕಂಪ್ಯೂಟರಿನಲ್ಲೂ ಆಟ ಓಡುತ್ತಿತ್ತು. ಆ ವೇಗಕ್ಕೆ ತೆತ್ತ ಬೆಲೆಯೆಂದರೆ ನಿಖರತೆ. ಬ್ಯೂ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಪ್ರೋಗ್ರಾಮರ್ 2004ರಲ್ಲಿ ಬಿ-ಸ್ನೆಸ್ ಎಂಬ ಎಮ್ಯುಲೇಟರಿನ ಕೆಲಸ ಆರಂಭಿಸಿ, ಚಿಪ್ಪಿನ ಪ್ರತಿಯೊಂದು ಹೆಜ್ಜೆಯನ್ನೂ ಹೊಂದಿಸುವ ಹಾದಿ ಹಿಡಿದರು. ಪೂರ್ಣ ನಿಖರತೆಗೆ 3 ಗಿಗಾಹರ್ಟ್ಸ್‌ನ ಪ್ರೊಸೆಸರ್ ಬೇಕಾಗುತ್ತದೆಂದು 2011ರ ಲೇಖನವೊಂದರಲ್ಲಿ ಅವರೇ ವಿವರಿಸಿದರು. ಇಂದಿನ ಸಾಮಾನ್ಯ ಕಂಪ್ಯೂಟರಿಗೆ ಅದು ಹೊರೆಯೇ ಅಲ್ಲವಾದ್ದರಿಂದ ವೇಗಕ್ಕಾಗಿ ಝಡ್‌ಸ್ನೆಸ್ ಬಳಸುವ ಕಾರಣ ಎಂದೋ ಮುಗಿಯಿತು. ಉಳಿದಿರುವುದು ನಿಮ್ಮಂಥ ಕಾರಣ.

ಸೂಪರ್ ನಿಂಟೆಂಡೊ ಯಂತ್ರದಲ್ಲಿ ಧ್ವನಿಗೆಂದೇ ಪ್ರತ್ಯೇಕ ಚಿಪ್ ಇತ್ತು, ಅದಕ್ಕೆ 64 ಕೆಬಿ ಸ್ಮೃತಿ ಇತ್ತು. ಸಂಗೀತದ ಸ್ವರಗಳೂ ವಾದ್ಯಗಳ ಧ್ವನಿಯ ತುಣುಕುಗಳೂ ಅಲ್ಲೇ ಇರಬೇಕು. ಪ್ರತಿಧ್ವನಿಯನ್ನು ಬಳಸುವುದಾದರೆ ಅದಕ್ಕೆ ಬೇಕಾದ ಜಾಗವನ್ನೂ ಅದೇ 64 ಕೆಬಿಯಲ್ಲಿ ಬಿಟ್ಟುಕೊಡಬೇಕು. ಝಡ್‌ಸ್ನೆಸ್ ಪ್ರತಿಧ್ವನಿಯನ್ನು ಆ 64 ಕೆಬಿಯ ಹೊರಗೆ ಬೇರೆಯಾಗಿ ಇಟ್ಟುಕೊಳ್ಳುತ್ತಿತ್ತು. ಆ ಕಾಲದಲ್ಲಿ ಆಟಗಳನ್ನು ತಿದ್ದುತ್ತಿದ್ದವರಲ್ಲಿ ಹಲವರು ತಮ್ಮ ಹೊಸ ಸಂಗೀತವನ್ನು ಪರೀಕ್ಷಿಸಿದ್ದು ಝಡ್‌ಸ್ನೆಸ್‌ನಲ್ಲಿ ಮಾತ್ರ. ಪ್ರತಿಧ್ವನಿಯ ಜಾಗದ ಮೇಲೇ ಸಂಗೀತವನ್ನು ಹೇರಿದ್ದರೂ ಅಲ್ಲಿ ಏನೂ ಆಗುತ್ತಿರಲಿಲ್ಲ. ನಿಖರವಾದ ಎಮ್ಯುಲೇಟರಿನಲ್ಲಿ, ನಿಜವಾದ ಯಂತ್ರದಲ್ಲಿ ಆಗುವಂತೆಯೇ, ಪ್ರತಿಧ್ವನಿಯು ಸಂಗೀತದ ಮಾಹಿತಿಯ ಮೇಲೆ ತನ್ನನ್ನು ಬರೆದುಕೊಳ್ಳುತ್ತ ಹೋಗುತ್ತದೆ. ಮೊದಲು ಕರಕರ, ಆಮೇಲೆ ಧ್ವನಿಯ ಚಿಪ್ ಹಾದಿ ತಪ್ಪುತ್ತದೆ, ಅದರ ಉತ್ತರಕ್ಕಾಗಿ ಕಾಯುತ್ತ ಮುಖ್ಯ ಪ್ರೊಸೆಸರ್ ನಿಂತುಹೋಗುತ್ತದೆ. ನೀವು ಕೇಳಿದ ಕರಕರ ಶಬ್ದ ಅದೇ ಇರಬೇಕು.

ಹಾಗೆಂದು ಝಡ್‌ಸ್ನೆಸ್ ಇಟ್ಟುಕೊಳ್ಳಿ ಎನ್ನಲು ನಾನು ಹಿಂಜರಿಯುತ್ತೇನೆ. ಬೇಕೆಂದೇ ತಿದ್ದಿದ ರೋಮ್ ಕಡತವೊಂದನ್ನು ತೆರೆದರೆ ಅದು ಎಮ್ಯುಲೇಟರಿನ ಬೇಲಿ ಹಾರಿ ನಿಮ್ಮ ಕಂಪ್ಯೂಟರಿನಲ್ಲಿ ತನಗೆ ಬೇಕಾದ ಆದೇಶ ನಡೆಸಬಲ್ಲದೆಂಬ ದೋಷ 1.51ರಲ್ಲಿರುವುದು 2015ರಲ್ಲಿ ಬಯಲಾಯಿತು. ಆ ಬಳಿಕ ಹೊಸ ಬಿಡುಗಡೆ ಬಂದು ಅದನ್ನು ಸರಿಪಡಿಸಲಿಲ್ಲ. ಬ್ಯಾಂಕಿನ ವ್ಯವಹಾರ ಮಾಡುವ ಕಂಪ್ಯೂಟರಿನಲ್ಲಿ ಅದನ್ನು ಇಡುವುದು ಬೇಡ; ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೃಷ್ಟವಶಾತ್ ಅದರ ಅಗತ್ಯವೂ ಇಲ್ಲ. ಸ್ನೆಸ್9ಎಕ್ಸ್ ಎಂಬ ಎಮ್ಯುಲೇಟರಿನ ಇತ್ತೀಚಿನ ಆವೃತ್ತಿಗಳಲ್ಲಿ, ಪ್ರತಿಧ್ವನಿಯ ಜಾಗವನ್ನು ಧ್ವನಿಯ ಸ್ಮೃತಿಯಿಂದ ಬೇರೆಯಾಗಿಡುವ ಒಂದು ಆಯ್ಕೆಯನ್ನು ಬೇಕೆಂದೇ ಕೊಟ್ಟಿದ್ದಾರೆ. ಸೆಟ್ಟಿಂಗ್‌ಗಳಲ್ಲಿ ‘ಹ್ಯಾಕ್ಸ್’ ಎಂಬ ಭಾಗದಲ್ಲಿ ‘ಎಕೋ ಬಫರ್’ ಎಂಬ ಪದಗಳಿರುವ ಸಾಲನ್ನು ಹುಡುಕಿ ಅದನ್ನು ಆನ್ ಮಾಡಿ. ಈ ಆಟ ಆಡುವಾಗ ಮಾತ್ರ ಆನ್ ಇರಲಿ, ಮೂಲ ಆಟಗಳಿಗೆ ಆಫ್ ಮಾಡಿ. ಅಂದರೆ ಹೊಸ ತಂತ್ರಾಂಶವು ಹಳೆಯದರ ತಪ್ಪನ್ನೂ ಕಲಿತುಕೊಂಡಿದೆ. ಗೇಮ್‌ಬಾಯ್ ಅಡ್ವಾನ್ಸ್ ಆಟಗಳಲ್ಲೂ ಇದೇ ನಡೆದಿದೆ: ವಿಷುಯಲ್‌ಬಾಯ್‌ಅಡ್ವಾನ್ಸ್ ಕಾಲದಲ್ಲಿ ತಿದ್ದಿದ ಪೋಕೆಮಾನ್ ಆಟಗಳಿಗಾಗಿ, ಆ ಎಮ್ಯುಲೇಟರಿನ ದೋಷಗಳಿಗೆ ಹೊಂದಿಕೊಳ್ಳುವ ಆಯ್ಕೆಯೊಂದು ಈಗಿನ ಎಂಜಿಬಿಎ ಎಂಬ ಎಮ್ಯುಲೇಟರಿನಲ್ಲಿದೆ. ತಿದ್ದಿದವರೇ ಸಂಗೀತವನ್ನು ಸರಿಪಡಿಸಿದ ಹೊಸ ಪ್ಯಾಚ್ (ತಿದ್ದುಪಡಿಯ ಕಡತ) ಬಿಟ್ಟಿದ್ದಾರೆಯೇ ಎಂಬುದನ್ನೂ ನೋಡಿ. ಬಿಟ್ಟಿದ್ದರೆ ಅದೇ ಸರಿಯಾದ ಪರಿಹಾರ.

ಪ್ರಶ್ನೆ: 90ರ ದಶಕದಲ್ಲಿ ನಮ್ಮ ಮನೆಯ ಟಿ.ವಿ.ಗೆ ಜೋಡಿಸಿ ಆಡುತ್ತಿದ್ದ ಕ್ಯಾಸೆಟ್ ವಿಡಿಯೋ ಗೇಮ್‌ನಲ್ಲಿ ಮಾರಿಯೋ, ಕಾಂಟ್ರಾ ಇದ್ದವು. ಎಮ್ಯುಲೇಟರಿನಲ್ಲಿ ಎರಡೂ ಬಹಳ ವೇಗವಾಗಿ ಓಡುತ್ತವೆ, ಸಂಗೀತವೂ ಅವಸರದ್ದು. ಹಳೆಯ ಎಮ್ಯುಲೇಟರ್ ಹಾಕಿದರೆ ಹಳೆಯ ವೇಗ ಬರುತ್ತದೆಯೇ, ಅಥವಾ ನನಗೇ ವಯಸ್ಸಾಯಿತೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ವಯಸ್ಸನ್ನು ದೂರಬೇಡಿ, ನಿಮ್ಮ ಕಿವಿ ಸರಿಯಾಗಿಯೇ ಇದೆ. ಮೀಡಿಯಾ ಮುಂತಾದ ಹೆಸರುಗಳಲ್ಲಿ ನಮ್ಮಲ್ಲಿ ಆಗ ಸಿಗುತ್ತಿದ್ದವು ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಯಂತ್ರಕ್ಕೆ ಹೊಂದುವ ಯಂತ್ರಗಳು. ಜಪಾನ್ ಮತ್ತು ಅಮೆರಿಕದ ಟಿ.ವಿ.ಗಳು ಸೆಕೆಂಡಿಗೆ ಸುಮಾರು 60 ಸಲ ಚಿತ್ರವನ್ನು ಬರೆದರೆ, ಭಾರತದಲ್ಲಿದ್ದ ಪಾಲ್ ಪದ್ಧತಿಯ ಟಿ.ವಿ.ಗಳು 50 ಸಲ ಬರೆಯುತ್ತಿದ್ದವು. ಆ ಆಟಗಳ ಓಟವೂ ಸಂಗೀತದ ಗತಿಯೂ ಟಿ.ವಿ.ಯ ಈ ಲಯಕ್ಕೇ ಕಟ್ಟಿಹಾಕಲ್ಪಟ್ಟಿದ್ದವು. ಆದ್ದರಿಂದ ಜಪಾನಿನಲ್ಲಿ ಒಂದು ಸೆಕೆಂಡಿನಲ್ಲಿ 60 ಹೆಜ್ಜೆ ಇಡುತ್ತಿದ್ದ ಮಾರಿಯೋ, ಪಾಲ್ ಟಿ.ವಿ.ಗೆಂದು ಮಾಡಿದ ಯಂತ್ರದಲ್ಲಿ 50 ಹೆಜ್ಜೆ ಇಡುತ್ತಿದ್ದ. ನಿಮ್ಮ ಎಮ್ಯುಲೇಟರ್ ಜಪಾನಿನ ವೇಗವನ್ನು ತೋರಿಸುತ್ತಿದೆ.

ಇಲ್ಲಿ ಹಳೆಯ ಎಮ್ಯುಲೇಟರಿಗೆ ಹೋದರೆ ಪ್ರಯೋಜನವಿಲ್ಲ, ಹೊಸದೇ ಬೇಕು. ಹಳೆಯವುಗಳಲ್ಲಿ ಸಾಮಾನ್ಯವಾಗಿ ಎನ್‌ಟಿಎಸ್‌ಸಿ (ಜಪಾನ್, ಅಮೆರಿಕದ ಟಿ.ವಿ. ಪದ್ಧತಿ) ಮತ್ತು ಪಾಲ್ ಎಂಬ ಎರಡೇ ಆಯ್ಕೆಗಳಿರುತ್ತಿದ್ದವು. ಅಲ್ಲಿನ ಪಾಲ್ ಎಂದರೆ ನಿಂಟೆಂಡೊ ಯೂರೋಪಿಗೆ ಮಾಡಿದ ಯಂತ್ರ. ಅದರ ಪ್ರೊಸೆಸರಿನ ವೇಗ 1.66 ಮೆಗಾಹರ್ಟ್ಸ್, ಆದ್ದರಿಂದ ಜಪಾನಿ ಆಟದ ಸ್ವರ ಅಲ್ಲಿ ತಗ್ಗಿ ಕೇಳಿಸುತ್ತದೆ, ಕೆಲವು ಆಟಗಳಲ್ಲಿ ಚಿತ್ರವೂ ನಡುಗುತ್ತದೆ. ಪಾಲ್ ಟಿ.ವಿ.ಗಳಿಗಾಗಿ ಮಾಡಿದ ತದ್ರೂಪಿ ಯಂತ್ರಗಳ ಜಾಣ್ಮೆ ಬೇರೆಯದು: ಚಿತ್ರದ ಲಯವನ್ನು 50ಕ್ಕೆ ಇಳಿಸಿದರೂ ಪ್ರೊಸೆಸರನ್ನು 1.77 ಮೆಗಾಹರ್ಟ್ಸ್‌ನಲ್ಲಿ, ಅಂದರೆ ಮೂಲದ 1.79ರ ಪಕ್ಕದಲ್ಲೇ, ಓಡಿಸುತ್ತಿದ್ದವು. ಗತಿ ನಿಧಾನ, ಸ್ವರ ಮಾತ್ರ ಹೆಚ್ಚುಕಡಿಮೆ ಅದೇ. ರಷ್ಯಾದಲ್ಲಿ 1992ರಿಂದ ಮಾರಾಟವಾದ ಡೆಂಡಿ ಎಂಬ ಇಂಥದೇ ಯಂತ್ರದ ಹೆಸರಿನಲ್ಲಿ ಈ ಲಯವನ್ನು ಈಗಿನ ಮೆಸೆನ್ ಮತ್ತು ಎಫ್‌ಸಿಇಯುಎಕ್ಸ್ ಎಮ್ಯುಲೇಟರುಗಳು ಮೂರನೆಯ ಆಯ್ಕೆಯಾಗಿ ಕೊಡುತ್ತವೆ.

ರೀಜನ್ ಎಂಬಲ್ಲಿ ‘ಡೆಂಡಿ’ ಆರಿಸಿ, ಕಣ್ಣು ಮುಚ್ಚಿಕೊಂಡು ಮಾರಿಯೋದ ಮೊದಲ ಹಂತದ ಸಂಗೀತವನ್ನಷ್ಟೇ ಕೇಳಿ ನೋಡಿ. ಕಣ್ಣು ತೆರೆದಾಗ ಚಿತ್ರ ಸ್ವಲ್ಪ ಎಡವಿದಂತೆ ಕಂಡರೆ ಅದು ಎಮ್ಯುಲೇಟರಿನ ದೋಷವಲ್ಲ. ನಿಮ್ಮ ಮಾನಿಟರ್ 60ರ ಲಯದಲ್ಲಿದ್ದು 50 ಚಿತ್ರಗಳನ್ನು ಅದರೊಳಗೆ ಹೊಂದಿಸಬೇಕಾಗಿ ಬಂದಿರುತ್ತದೆ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 50 ಹರ್ಟ್ಸ್ ಇದ್ದರೆ ಅದಕ್ಕೆ ಬದಲಾಯಿಸಿ, ಅಥವಾ ಎಚ್‌ಡಿಎಂಐ ತಂತಿಯಿಂದ ಮನೆಯ ಟಿ.ವಿ.ಗೇ ಜೋಡಿಸಿ. ನಮ್ಮಲ್ಲಿ ಮಾರುವ ಟಿ.ವಿ.ಗಳಲ್ಲಿ ಹೆಚ್ಚಿನವು 50 ಹರ್ಟ್ಸನ್ನು ತಕರಾರಿಲ್ಲದೆ ತೆಗೆದುಕೊಳ್ಳುತ್ತವೆ.